ಬೇತಾಳನಿಗೆ ಎಷ್ಟು ಇಂಚು?

ಗೊಂಬೆಯುದ್ಧದ ಆಟಕ್ಕೆ ಹೊಸ ಪುರವಣಿ ಬರೆಯಲು ಕೂತವರು ಮೊದಲು ಮಾಡುವ ಕೆಲಸ ಒಂದು ಭಯಂಕರ ಪ್ರಾಣಿಯನ್ನು ಹುಟ್ಟಿಸುವುದು. ಅದಕ್ಕೊಂದಿಷ್ಟು ತಲೆ, ಇನ್ನೊಂದಿಷ್ಟು ವಿಶೇಷ ಶಕ್ತಿ, ಪುಟಗಟ್ಟಲೆ ನಿಯಮ. ನಾನೂ ಹೊರತಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಬೇತಾಳ ಮೂರೂವರೆ ಪುಟ ಉದ್ದವಿದ್ದ.

ಅವನ ಕಥೆ ಆಮೇಲೆ. ಈ ಕೆಲಸವನ್ನು ಸರಿಯಾಗಿ ಮಾಡಿದವರನ್ನು ನೋಡಲು 1971ಕ್ಕೆ ಹೋಗಬೇಕು. ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆ ಸೇರಿ ‘ಚೈನ್‌ಮೇಲ್’ ಎಂಬ ತೆಳು ಪುಸ್ತಕ ತಂದರು. ಮಧ್ಯಯುಗದ ಯುರೋಪಿನ ಕಾಳಗವನ್ನು ಮೇಜಿನ ಮೇಲೆ ಆಡುವ ನಿಯಮಗಳು: ಈಟಿಯವರು, ಬಿಲ್ಲಿನವರು, ಕುದುರೆ ಸವಾರರು, ಕೋಟೆಗೆ ಕಲ್ಲೆಸೆಯುವ ಯಂತ್ರ. ಕೊನೆಯಲ್ಲಿ ಬಾಲಂಗೋಚಿಯಂತೆ ಒಂದು ಫ್ಯಾಂಟಸಿ ಪುರವಣಿ. ಅದರಲ್ಲಿ ಎಲ್ಫ್, ಟ್ರೋಲ್, ಡ್ರ್ಯಾಗನ್, ಮಾಂತ್ರಿಕ.

ಮಾಂತ್ರಿಕ ಎಸೆದ ಬೆಂಕಿಯುಂಡೆ ಎಷ್ಟು ಜಾಗ ಸುಡಬೇಕು? ದೊಡ್ಡ ಕಲ್ಲೆಸೆತದ ಯಂತ್ರದ ಏಟು ಬೀಳುವಷ್ಟು. ಅವನ ಸಿಡಿಲು? ಭಾರಿ ಫಿರಂಗಿಯ ಹೊಡೆತಕ್ಕೆ ಸಮ. ಹೀರೋ ಎಂದರೆ ನಾಲ್ಕು ಆಳಿನ ಬಲ, ಸೂಪರ್‌ಹೀರೋ ಎಂದರೆ ಎಂಟು. ಮುಗಿಯಿತು! ಆಟಗಾರ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಯಂತ್ರಕ್ಕೆ ಗಡ್ಡ, ಟೋಪಿ ಬಂದವು, ಅಷ್ಟೆ. ಬೆಂಕಿಯುಂಡೆಯ ಯೋಚನೆ ಪೂರ್ತಿ ಅವರದೇ ಅಲ್ಲ ಅನ್ನಿ. ಹಿಂದಿನ ವರ್ಷ ಲೆನರ್ಡ್ ಪ್ಯಾಟ್ ಬರೆದ ಪುಟ್ಟ ನಿಯಮಾವಳಿಯಲ್ಲೇ ಅದಿತ್ತು. ಗೈಗ್ಯಾಕ್ಸ್ ಆಗ ಡ್ರ್ಯಾಗನ್ ಗೊಂಬೆ ಸಿಗದೆ ಪ್ಲಾಸ್ಟಿಕ್ ಡೈನೋಸಾರನ್ನೇ ತಿದ್ದಿ ಡ್ರ್ಯಾಗನ್ ಮಾಡಿಕೊಂಡಿದ್ದರು. ನಿಯಮಗಳನ್ನೂ ಹಾಗೆಯೇ ಮಾಡಿದರು ಎನ್ನಬಹುದು. ಈ ಬಾಲಂಗೋಚಿಯನ್ನು ಡೇವ್ ಆರ್ನೆಸನ್ ಎಂಬ ಆಟಗಾರ ಹಿಡಿದು ಬೆಳೆಸಿದ್ದು, 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಹುಟ್ಟಿದ್ದು ಬೇರೆಯೇ ದೊಡ್ಡ ಕಥೆ.

1983ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ವಾರ್‌ಹ್ಯಾಮರ್’ ಹಿಡಿದ ದಾರಿ ಬೇರೆ. ಗೊಂಬೆ ಮಾರುವುದಕ್ಕೆಂದೇ ನಿಯಮ ಬರೆಸಿದ ಆಟ ಅದು. ಗೊಂಬೆ ಮಾರುವವರಿಗೆ ಹೊಸ ಪುಸ್ತಕದ ಸೈನ್ಯ ಹಳೆಯದಕ್ಕಿಂತ ಒಂದು ಕೈ ಮೇಲಿದ್ದರೆ ನಷ್ಟವೇನಿಲ್ಲ. ಕಪಾಟಿನಲ್ಲಿ ದೂಳು ತಿನ್ನುವ ಹಳೆಯ ಸೈನ್ಯದ ಯಜಮಾನನಿಗೆ ಮಾತ್ರ ಹೊಟ್ಟೆ ಉರಿ.

ನನಗೆ ಹಿಡಿಸಿದ್ದು 2015ರಲ್ಲಿ ಜೋಸೆಫ್ ಮೆಕಲಾ ಬರೆದ ‘ಫ್ರಾಸ್ಟ್‌ಗ್ರೇವ್’. ಹಿಮದಡಿ ಹೂತ ನಗರ, ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಎಂಟು ಜನ ಕೂಲಿಯಾಳುಗಳು. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ. ಹೊಡೆದಾಟ ಬಂದಾಗ ಇಬ್ಬರೂ ಇಪ್ಪತ್ತು ಮುಖದ ದಾಳ ಉರುಳಿಸಿ ತಮ್ಮ ಕಾಳಗದ ಅಂಕ ಕೂಡಿಸಬೇಕು. ಹೆಚ್ಚು ಬಂದವರದ್ದು ಗೆಲುವು. ಆ ಮೊತ್ತದಲ್ಲಿ ಸೋತವರ ಕವಚದ ಅಂಕ ಕಳೆದರೆ ಉಳಿದಷ್ಟು ಪೆಟ್ಟು. ಸಮಬಲದವರಿಗೆ ತಲಾ ನೂರಕ್ಕೆ 47.5ರ ಅವಕಾಶ, ಮಿಕ್ಕ 5 ಸಮ. ಒಬ್ಬನಿಗೆ ಐದು ಅಂಕ ಹೆಚ್ಚು ಕೊಟ್ಟು ನೋಡಿ, ಅವನು ಗೆಲ್ಲುವುದು ನೂರಕ್ಕೆ 70 ಸಲ.

ಈ ಆಟಕ್ಕೆಂದು ಬರೆದ ನನ್ನ ಮೊದಲ ಬೇತಾಳನಿಗೆ ಧಾರಾಳವಾಗಿ ಆ ಐದು ಅಂಕವನ್ನೇ ಕೊಟ್ಟಿದ್ದೆ. ಆಡಿ ನೋಡಿದಾಗ ಅವನ ಹತ್ತಿರ ಯಾರೂ ಸುಳಿಯಲಿಲ್ಲ. ಈ ಆಟದಲ್ಲಿ ನಿಧಿ ಹೊತ್ತು ಪಾರಾದರೆ ಸಾಕು, ಹೊಡೆದಾಡಲೇಬೇಕೆಂದೇನಿಲ್ಲ. ಮೂರೂವರೆ ಪುಟದ ಬೇತಾಳ ಮೇಜಿನ ನಡುವೆ ಗೋಡೆಯಾಗಿ ನಿಂತ. ಎಲ್ಲರೂ ಸುತ್ತು ಹಾಕಿಕೊಂಡು ಹೋದರು.

ಆಗ ‘ಚೈನ್‌ಮೇಲ್’ನ ಕಲ್ಲೆಸೆತದ ಯಂತ್ರ ನೆನಪಾಯಿತು: ಇರುವ ನಿಯಮಕ್ಕೇ ಹೊಸ ವೇಷ. ನಿಧಿ ಹೊತ್ತವರ ನಡೆ ಅರ್ಧಕ್ಕಿಳಿಯುತ್ತದೆ ಎಂಬ ನಿಯಮ ‘ಫ್ರಾಸ್ಟ್‌ಗ್ರೇವ್’ ಪುಸ್ತಕದಲ್ಲೇ ಇದೆ. ಹಾಗಾದರೆ ಬೇತಾಳ ಶತ್ರು ಯಾಕಾಗಬೇಕು? ಅವನೇ ನಿಧಿ. ಮರದಿಂದ ಇಳಿಸಿ ಹೆಗಲಿಗೇರಿಸಿಕೊಂಡು ಮೇಜಿನಾಚೆ ಒಯ್ಯಬೇಕು. ಹೊತ್ತವನು ಬಾಯಿಬಿಟ್ಟರೆ, ಅಂದರೆ ಒಂದು ಮಂತ್ರ ಹೇಳಿದರೂ, ಬೇತಾಳ ಮತ್ತೆ ಮರಕ್ಕೆ. ಚಂದಮಾಮ ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೇ ಸಲ ಆಡಿದಾಗ ಪಕ್ಕದ ಮನೆಯ ಪಿಯುಸಿ ಹುಡುಗಿ ಅವನನ್ನು ಒಬ್ಬ ಕೂಲಿಯಾಳಿನ ಹೆಗಲಿಗೆ ಹಾಕಿ ಆರಾಮಾಗಿ ನಡೆಸಿಬಿಟ್ಟಳು. ಕೂಲಿಯಾಳು ಮಂತ್ರ ಹೇಳುವವನೇ ಅಲ್ಲ, ಅವನಿಗೆ ಮೌನವೇನು ಮಹಾ! ಮಾಂತ್ರಿಕ ಇಲ್ಲವೇ ಶಿಷ್ಯನೇ ಹೊರಬೇಕೆಂದು ತಿದ್ದಿದೆ. ಈಗ ಬಿಸಿ ಮುಟ್ಟಿತು. ಬೇತಾಳ ಬೇಕೆಂದರೆ ತಂಡದ ಅತಿ ಬೆಲೆಬಾಳುವ ಬಾಯಿಗೆ ಬೀಗ, ಮೇಲೆ ಅರ್ಧ ನಡೆ.

ಮೂರನೇ ಸಲ ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು ಕೇಳಿದಳು: “ಅಂಕಲ್, ಮಾತಾಡಬಾರದು ಅಂತಿರೋದು ಹೊತ್ತವರಿಗೆ ತಾನೆ?”

ಹೌದೆಂದೆ. ಶಿಷ್ಯನ ಕೈಲಿ ಲೀಪ್ ಮಂತ್ರ ಹೇಳಿಸಿ, ಬೇತಾಳನ ಸಮೇತ ಮಾಂತ್ರಿಕನನ್ನು ಒಂದೇ ನೆಗೆತಕ್ಕೆ ಹತ್ತು ಇಂಚು ದಾಟಿಸಿದಳು. ಅದನ್ನು ತಡೆಯುವ ಸಾಲು ನನ್ನ ಹಾಳೆಯಲ್ಲಿರಲಿಲ್ಲ. ರಾತ್ರಿ ಅಂಥದೊಂದು ಸಾಲು ಬರೆದೆ, ಬೆಳಿಗ್ಗೆ ಹೊಡೆದುಹಾಕಿದೆ. ಅವಳೇನೂ ಪುಕ್ಕಟೆ ಗೆದ್ದಿರಲಿಲ್ಲ. ನೆಗೆಸಲು ಶಿಷ್ಯನ ಸರದಿ ಖರ್ಚಾಗಿತ್ತು, ಆ ಹೊತ್ತಿಗೆ ನನ್ನ ಬಿಲ್ಲುಗಾರರು ಅವಳ ಇಬ್ಬರನ್ನು ಕೆಡವಿದ್ದರು.

ಈಗ ಬೇತಾಳನ ನಿಯಮ ಏಳೇ ಸಾಲು. ಎಂ-ಸೀಲ್ ನಾದಿ ಮಾಡಿದ ಅವನ ಗೊಂಬೆ ಸೀಬೆ ಕಡ್ಡಿಯಿಂದ ತಲೆಕೆಳಗಾಗಿ ನೇತಾಡುತ್ತದೆ. ಹೆಗಲಿಗೆ ಹಾಕಿದರೆ ಮಾತ್ರ ಭಾರಕ್ಕೆ ಮಾಂತ್ರಿಕ ಹಿಂದಕ್ಕೆ ವಾಲುತ್ತಿದ್ದ. ಅವನ ಕಾಲಡಿಗೆ ಐದು ರೂಪಾಯಿ ನಾಣ್ಯ ಅಂಟಿಸಿದ್ದೇನೆ.