ಜಾಣ ವಿದ್ಯಾರ್ಥಿಯ ದಬ್ಬಾಳಿಕೆ ಮತ್ತು ಶಾಲೆಯ ಹೊಣೆ

ತನಗಿಂತ ದುರ್ಬಲನಾದ ಸಹಪಾಠಿಗೆ ಬೇಕೆಂದೇ, ಮತ್ತೆ ಮತ್ತೆ ನೋವುಂಟುಮಾಡುವುದೇ ದಬ್ಬಾಳಿಕೆ. ನಾರ್ವೆಯಲ್ಲಿ 1983ರಲ್ಲಿ ಆರಂಭವಾದ ದಬ್ಬಾಳಿಕೆ ವಿರೋಧಿ ಶಾಲಾ ಆಂದೋಲನದ ಹಿಂದಿದ್ದ ಡಾನ್ ಓಲ್ವೇಯಸ್ ಈ ವ್ಯಾಖ್ಯೆಯಲ್ಲಿ ಇಬ್ಬರ ನಡುವಿನ ಬಲದ ಅಸಮತೆಗೆ ಮುಖ್ಯ ಸ್ಥಾನ ಕೊಟ್ಟರು. ಶಾಲೆಗಳು ಈ ಬಲವನ್ನು ಮೈಬಲವೆಂದೇ ಗ್ರಹಿಸುವುದರಿಂದ, ಹಿಂದಿನ ಬೆಂಚಿನ ಹುಡುಗನ ಹೊಡೆತ ಕೂಡಲೇ ಮುಖ್ಯೋಪಾಧ್ಯಾಯರ ಕೊಠಡಿ ತಲುಪುತ್ತದೆ. ತರಗತಿಗೇ ಮೊದಲಿಗನಾದವನು ಕಡಿಮೆ ಅಂಕದವನ ಉತ್ತರಪತ್ರಿಕೆಯನ್ನು ಎಲ್ಲರೆದುರು ಓದಿ ನಗಿಸುವುದು, ನೋಟ್ಸ್ ಕೊಡುವ ನೆಪದಲ್ಲಿ ಅವನಿಂದ ಚಾಕರಿ ಮಾಡಿಸಿಕೊಳ್ಳುವುದು, ಪ್ರಾಜೆಕ್ಟ್ ಗುಂಪಿಗೆ ಸೇರಿಸದಿರುವುದು ಮಾತ್ರ ದೂರಿನ ರೂಪವನ್ನೇ ಪಡೆಯುವುದಿಲ್ಲ.

ಉಪ್ಪಾರಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಬೆಂಗಳೂರಿನಲ್ಲಿ ಶಾಲೆಯ ಹೆಸರು ಎಸ್ಸೆಸ್ಸೆಲ್ಸಿಯ 625 ಅಂಕಗಳ ಲೆಕ್ಕದೊಡನೆ ಹೆಣೆದುಕೊಂಡಿದ್ದು, ಹೆಚ್ಚು ಅಂಕ ತಂದವರ ಭಾವಚಿತ್ರ ಫ್ಲೆಕ್ಸ್ ಆಗಿ ಗೇಟಿಗೇರುತ್ತದೆ. ಇದಕ್ಕಿಂತ ಹಳೆಯದೂ ಗಂಭೀರವೂ ಆದುದು ಮಾನಿಟರ್ ಪದ್ಧತಿ, ಎಂದರೆ ಶಿಕ್ಷಕರಿಲ್ಲದಾಗ ತರಗತಿಯನ್ನು ಜಾಣ ವಿದ್ಯಾರ್ಥಿಗೆ ಒಪ್ಪಿಸಿ, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ಕೊಡುವುದು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ತಮ್ಮ ಜಿಲ್ಲೆಯ 533 ದೇಶೀ ಶಾಲೆಗಳ ಬಗ್ಗೆ ಮದರಾಸಿಗೆ ಕಳಿಸಿದ ವರದಿಯಲ್ಲಿ, ಮುಂದುವರಿದ ಮಕ್ಕಳು ಹಿಂದುಳಿದವರಿಗೆ ಕಲಿಸುವ ಕ್ರಮವನ್ನು ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯುಕ್ತವೆಂದರು; ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆದು, ಎರಡನೆಯವನಿಗೆ ಸೊನ್ನೆ ಹಾಕಿ, ಮೂರನೆಯವನಿಂದ ಮುಂದಕ್ಕೆ ಒಂದೊಂದೇ ಏಟು ಹೆಚ್ಚಿಸುತ್ತಿದ್ದ ರೂಢಿಯೂ ಅದೇ ವರದಿಯಲ್ಲಿದೆ. ಕಲಿಸುವ ಹೊಣೆ ಮತ್ತು ಮೇಲುಕೀಳಿನ ಗುರುತು ಹೀಗೆ ಒಂದೇ ಕೊಠಡಿಯಲ್ಲಿ ಬೆಳೆದವು. ಇಂದಿನ ಶಾಲೆ ಏಟನ್ನು ಬಿಟ್ಟದ್ದು ಸರಿಯೇ, ಆದರೆ ಕಲಿಸುವ ಹೊಣೆಯನ್ನೂ ಬಹುಮಟ್ಟಿಗೆ ಮರೆತು, ಮೇಲಿನವನು ಕೆಳಗಿನವರನ್ನು ಕಾಯುವ ಅಧಿಕಾರವನ್ನಷ್ಟೇ ಉಳಿಸಿಕೊಂಡಿದೆ. ಜಾಣನ ದಬ್ಬಾಳಿಕೆಗೆ ಬಲ ಬರುವುದು ಇಲ್ಲಿಂದ.

ಕಾನೂನು ಈ ಕೊರತೆಯನ್ನು ತುಂಬುವುದಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ರ್‍ಯಾಗಿಂಗನ್ನು, ಎಂದರೆ ವಿದ್ಯಾರ್ಥಿಯ ಘನತೆಗೆ ಕುಂದು ತರುವ ಅಥವಾ ಅವನನ್ನು ನಗೆಪಾಟಲಾಗಿಸುವ ಕೆಲಸವನ್ನು ಬಲವಂತದಿಂದ ಮಾಡಿಸುವುದನ್ನು, 116ನೆಯ ಕಲಮಿನಲ್ಲಿ ಶಿಕ್ಷಾರ್ಹ ಅಪರಾಧವಾಗಿಸಿದೆ. ಹದಿಮೂರರ ಮಗುವನ್ನು ಆ ಕಲಮಿನಡಿ ತರಲು ಶಾಲೆ ಹಿಂಜರಿಯುತ್ತದೆ, ಹಿಂಜರಿಯಲೂ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಸಿಬಿಎಸ್‌ಇ 2015ರಲ್ಲಿ ತನ್ನ ಶಾಲೆಗಳಿಗೆ ದಬ್ಬಾಳಿಕೆ ತಡೆಯುವ ಸಮಿತಿ ರಚಿಸಲು ಸೂಚಿಸಿತಾದರೂ, ಮಾನಿಟರನನ್ನು ಆರಿಸಿದ ಶಿಕ್ಷಕರೇ ಸಮಿತಿಯಲ್ಲಿ ಕುಳಿತಾಗ ಅವರು ತಮ್ಮ ಆಯ್ಕೆಯನ್ನೇ ವಿಚಾರಣೆಗೆ ಒಡ್ಡಬೇಕಾಗುತ್ತದೆ.

ದೂರು ಬಂದಾಗ ಸಾಮಾನ್ಯವಾಗಿ ಎರಡು ದಾರಿ ಹಿಡಿಯಲಾಗುತ್ತದೆ. ‘ಜಾಣ ಹುಡುಗ, ಸ್ವಲ್ಪ ತುಂಟ’ ಎಂದು ಸಮಾಧಾನ ಹೇಳಿ ಕಳಿಸುವುದು ಮೊದಲನೆಯದು; ಇದು ನೊಂದ ಮಗುವಿಗೆ ತನ್ನ ಅಂಕವೇ ತನ್ನ ಬೆಲೆ ಎಂದು ಕಲಿಸುವುದರಿಂದ ಕ್ರೂರವಾದುದು. ತಪ್ಪಿತಸ್ಥನನ್ನು ಕ್ವಿಜ್ ತಂಡದಿಂದಲೋ ವಿಜ್ಞಾನ ಸ್ಪರ್ಧೆಯಿಂದಲೋ ಕೈಬಿಡುವುದು ಎರಡನೆಯದು. ನ್ಯಾಯವೆಂದು ತೋರಿದರೂ ಇದು ಅವನ ಕಲಿಕೆಯನ್ನು ಕಡಿದು, ಬಹುಮಾನ ತಪ್ಪಿದ ಅಪವಾದವನ್ನು ದೂರು ಕೊಟ್ಟ ಮಗುವಿನ ತಲೆಗೆ ಕಟ್ಟುತ್ತದೆ. ಕಳಚಬೇಕಾದದ್ದು ಶಾಲೆ ಅವನಿಗೆ ಕೊಟ್ಟ ಅಧಿಕಾರವೇ ಹೊರತು ಅವನ ಅವಕಾಶವಲ್ಲ. ಚುರುಕು ಮಕ್ಕಳೂ ಅದೇ ಕಾರಣಕ್ಕೆ ಒಂಟಿಯಾಗಿ ಗೇಲಿಗೊಳಗಾಗುವುದುಂಟಾದ್ದರಿಂದ, ಪ್ರತಿಭೆಯನ್ನೇ ಅನುಮಾನಿಸುವುದು ಮತ್ತೊಂದು ಅನ್ಯಾಯವಾದೀತು. ಮಾನಿಟರ್ ಹೊಣೆ ಹಾಜರಿ ಪಟ್ಟಿಯ ಕ್ರಮದಲ್ಲಿ ವಾರಕ್ಕೊಬ್ಬರಂತೆ ಎಲ್ಲರಿಗೂ ತಿರುಗಲಿ. ಉತ್ತರಪತ್ರಿಕೆಗಳನ್ನು ಹಂಚುವ ಕೆಲಸ ಮಾತ್ರ ಯಾವ ವಿದ್ಯಾರ್ಥಿಗೂ ಸಲ್ಲದೆ ಶಿಕ್ಷಕರ ಕೈಯಲ್ಲೇ ಉಳಿಯಲಿ.