ರಾಕಿ ಭಾಯ್ ಹೇಳದ ಕೆಜಿಎಫ್

ನಮ್ಮ ಕಲ್ಮಲದ ಕಟ್ಟೀ ಮ್ಯಾಲೂ ಕೆಜಿಎಫ್ ಅಂದ್ರ ರಾಕಿ ಭಾಯ್. 2018ರ ಆ ಸಿನಿಮಾಕ್ಕೆ ನಾನೂ ಸೀಟಿ ಹೊಡೆದವನೇ. ಆದ್ರೆ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಟಿಐಎಫ್‌ಆರ್ ಮತ್ತು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಮೆಸಾನ್‌ಗಳು ಒಡೆದಾಗ ಹುಟ್ಟುವ ನ್ಯೂಟ್ರಿನೊ ಹಿಡಿದರು. ಮೇಲಿನ ಬಂಡೆಯೇ ಕಾಸ್ಮಿಕ್ ಕಿರಣದ ಗದ್ದಲ ಸೋಸುವ ಜರಡಿ.

80ರ ದಶಕದಲ್ಲಿ ಅಲ್ಲೇ ಪ್ರೋಟಾನ್ ಸಾಯುತ್ತಾ ಅಂತ ಕಾದರು. ಸುಳಿವು ಸಿಕ್ಕಿದೆ ಅಂದರು. ಜಪಾನ್, ಅಮೆರಿಕದ ದೊಡ್ಡ ಯಂತ್ರಗಳಿಗೆ ಕಾಣಲಿಲ್ಲ. ಇದು ಸೋಲಾ? ಬಗ್ ಸಿಗದ ಟೆಸ್ಟಿಗೂ ರಿಪೋರ್ಟ್ ಬರೆಯೋ ನಾವೇ ಹಾಗನ್ನಬಾರದು. ಚಿನ್ನ ಸಿಕ್ಕರಷ್ಟೇ ಕಥೆ ಅನ್ನೋದು ನಮ್ಮ ಚಟ. ಹಟ್ಟಿ ಗಣಿಯ ಜಿಲ್ಲೆಯವನಾದ ನನಗೇ ಇದು ಗೊತ್ತಾಗಿದ್ದು ಬಿಇ ಮುಗಿದ ಮೇಲೆ.