ಕೇಳುವವರು ಹಲವರು, ಹೇಳಿಕೊಳ್ಳಲು ಒಬ್ಬರು

ದಕ್ಷಿಣ ಕನ್ನಡದ ರಾಮಕುಂಜದ ಕಡೆ ಊರೆಂದರೆ ಸಾಲುಮನೆಯ ಬೀದಿಯಲ್ಲ. ಅಡಿಕೆ ತೋಟದೊಳಗೊಂದು ಮನೆ, ಗುಡ್ಡ ಇಳಿದರೆ ಇನ್ನೊಂದು. ಇವನ್ನೆಲ್ಲ ಹೆಸರು ಹಿಡಿದು ಬಲ್ಲವರು ಅಂಗನವಾಡಿ ಟೀಚರ್. ಅವರನ್ನು ಕೇಳುವವರು ಮಾತ್ರ ಒಬ್ಬಿಬ್ಬರಲ್ಲ: ಸೂಪರ್‌ವೈಸರ್ ಮೇಡಂ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಲಸಿಕೆಯ ದಿನ ಆರೋಗ್ಯ ಇಲಾಖೆ, ಚುನಾವಣೆಯ ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಕೆಲಸ ಹೆಗಲಿಗೆ ಬಿದ್ದರೆ ತಹಶೀಲ್ದಾರರ ಕಚೇರಿ, ಊರೊಳಗೆ ಪಂಚಾಯತ್ ಮತ್ತು ಬಾಲವಿಕಾಸ ಸಮಿತಿ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬೇರೆ. ಅದರ ಬಳಿ ನೆಟ್‌ವರ್ಕ್ ಇಲ್ಲವೆಂದು ಹೇಳಿಕೊಳ್ಳುವ ಹಾಗೂ ಇಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಈ ಐಸಿಡಿಎಸ್ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಟಿ. ನರಸೀಪುರ. ಸೂಪರ್‌ವೈಸರ್ ಎಂದರೆ ಕೆಲಸ ಕಲಿಸಿಕೊಡುವವರು ಎಂಬ ಎಣಿಕೆ ಆಗ ಇತ್ತು. ಬರಬರುತ್ತ ಅದು ರಿಜಿಸ್ಟರ್ ನೋಡುವ ಕೆಲಸವಾಯಿತು.

2017ರ ಮಾತೃಪೂರ್ಣ ಯೋಜನೆಯನ್ನೇ ನೋಡಿ. ಗರ್ಭಿಣಿಯರು, ಬಾಣಂತಿಯರು ದಿನವೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂದಿತು ಆದೇಶ. ಬಯಲುಸೀಮೆಯ ಊರಿಗೆ ಒಪ್ಪುವ ಮಾತು. ಆಟಿ ತಿಂಗಳ ಮಳೆಯಲ್ಲಿ ತುಂಬು ಬಸುರಿ ಗುಡ್ಡ ಹತ್ತಿ ಬರುವುದುಂಟೇ? ಹಾಜರಿ ಇಳಿದರೆ ಉತ್ತರ ಕೊಡಬೇಕಾದವರು ಟೀಚರ್. "ಯಾಕೆ ಕಮ್ಮಿ?" ಎಂದು ಗದರುವ ಮೇಡಂ ಒಂದು ಬಗೆ, ದಾರಿ ಹೀಗಿದೆ ಎಂದು ಮೇಲಕ್ಕೆ ಬರೆಯುವ ಮೇಡಂ ಇನ್ನೊಂದು ಬಗೆ. ಎರಡನೆಯವರಿಗಾಗಿ ಟೀಚರ್ ಭಾನುವಾರವೂ ದುಡಿದಾರು.

ಆದರೆ ಆ ನಿಷ್ಠೆ ಮೇಡಂ ಮೇಲಿನದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲಿನದಲ್ಲ. ಮೇಡಂಗೆ ವರ್ಗವಾದರೆ ಅದೂ ಅವರೊಂದಿಗೆ ಬಸ್ಸು ಹತ್ತುತ್ತದೆ. ಟೀಚರ್ ಇಲ್ಲೇ ಉಳಿಯುತ್ತಾರೆ. ಇನ್ನೊಂದು ಕಚೇರಿಯ ಒತ್ತಡ ಬಂದಾಗ ಒಳ್ಳೆಯ ಮೇಡಂ ಕೂಡ ಸುಮ್ಮನಿರಬೇಕಾಗುತ್ತದೆ. ಒಬ್ಬರ ಒಳ್ಳೆಯತನ ಇನ್ನೊಬ್ಬರ ಗದರಿಕೆಯನ್ನು ತೊಳೆಯುವುದಿಲ್ಲ ಎಂಬುದು ಟೀಚರಿಗೆ ಅರಿವಾಗುವುದು ಆ ಹೊತ್ತಿಗೆ. ಕೇಂದ್ರದ ಬಾಗಿಲು ಮರುದಿನವೂ ತೆರೆಯುತ್ತದೆ ನಿಜ, ಅದು ಮಕ್ಕಳ ಮುಖ ನೋಡಿ.

ಇಲಾಖೆಯಾದರೂ ಅವರನ್ನು ತನ್ನವರೆಂದಿತೇ? ಕೈಗೆ ಕೊಡುವುದನ್ನು ಈಗಲೂ ಗೌರವಧನ ಎನ್ನುತ್ತಾರೆ. ಗ್ರಾಚ್ಯುಟಿಗೆ ಇವರೂ ಹಕ್ಕುದಾರರು ಎನ್ನಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಮೇಲಧಿಕಾರಿಗಳ ಸಂಖ್ಯೆ ನನ್ನ ತಕರಾರಲ್ಲ. ಎಲ್ಲರಿಗೂ ಕೇಳುವ ಅಧಿಕಾರವಿದೆ, ಟೀಚರ ಪರವಾಗಿ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ವ್ಯವಸ್ಥೆ ಸೋತಿರುವುದು ಅಲ್ಲಿ. ಬೇರೆ ಕಚೇರಿಗಳು ಕೆಲಸ ಹೇಳುವುದಾದರೆ ಸೂಪರ್‌ವೈಸರ್ ಮೂಲಕವೇ ಹೇಳಲಿ. ಈ ವಾರ ಆಗದು ಎಂದು ತಿರುಗಿ ಬರೆಯುವ ಅಧಿಕಾರವನ್ನು ಅವರಿಗೆ ಲಿಖಿತವಾಗಿ ಕೊಡಲಿ.